ವೆಸ್ಲೀಸ್ ಚಾಪೆಲ್, ಸಿಟಿ ರೋಡ್, ಲಂಡನ್: ಮೊದಲ ಸಲ ಹೋಗುವವರಿಗೆ

ಲಂಡನ್ನಿಗೆ ಹೊಸದಾಗಿ ಬಂದ ಕನ್ನಡದವರು ನನ್ನನ್ನು ಆಗಾಗ ಕೇಳುತ್ತಾರೆ, ‘ಇಲ್ಲಿ ಒಳ್ಳೆ ಚರ್ಚ್ ಯಾವುದಿದೆ?’ ಅಂತ. ಹಾಗೆ ಕೇಳುವವರಲ್ಲಿ ಕ್ರೈಸ್ತರೂ ಇರುತ್ತಾರೆ, ಸುಮ್ನೆ ಒಂದ್ಸಲ ಒಳಗೆ ಹೋಗಿ ನೋಡಬೇಕು ಅನ್ನುವವರೂ ಇರುತ್ತಾರೆ. ಇಬ್ಬರಿಗೂ ನಾನು ಹೇಳುವ ಹೆಸರು ಒಂದೇ, ಸಿಟಿ ರೋಡಿನ ವೆಸ್ಲೀಸ್ ಚಾಪೆಲ್. ಮೆಥೋಡಿಸ್ಟ್ ಅನ್ನುವ ಕ್ರೈಸ್ತ ಪಂಥವನ್ನು ಶುರುಮಾಡಿದ ಹದಿನೆಂಟನೇ ಶತಮಾನದ ಇಂಗ್ಲಿಷ್ ಪಾದ್ರಿ ಜಾನ್ ವೆಸ್ಲಿ ಕಟ್ಟಿಸಿದ ಚರ್ಚ್ ಇದು. ಯಾಕೆ ಅಂತ ಪ್ರತಿಸಲ ಬಾಯಲ್ಲಿ ಹೇಳುವ ಬದಲು ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ.

ನಾನು ಮೈಸೂರಿನವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು. ನಮ್ಮ ಕಡೆ ಮೆಥೋಡಿಸ್ಟ್ ಅನ್ನುವ ಹೆಸರು ಈಗ ಜಾಸ್ತಿ ಕೇಳಿಸುವುದಿಲ್ಲ. ಬೀದರ್, ಕಲಬುರಗಿ, ಕೋಲಾರದ ಕಡೆಯವರಿಗೆ ಅದು ಚೆನ್ನಾಗಿ ಗೊತ್ತಿರುವ ಹೆಸರು. ಹಳೇ ಮೈಸೂರಿಗೆ ಬಂದದ್ದು ಲಂಡನ್ನಿನ ವೆಸ್ಲಿಯನ್ ಮಿಷನ್, ಅಂದರೆ ಬ್ರಿಟನ್ನಿನ ಮೆಥೋಡಿಸ್ಟರದು. ಹಾರ್ಡ್ವಿಕ್ ಶಾಲೆ ಅವರದು. 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಅವರದೇ. ಮೈಸೂರಿನ ಆಟೋದವರಿಗೆ ‘ಮಿಷನ್ ಆಸ್ಪತ್ರೆ’ ಅಂದರೆ ಸಾಕು, ಸೀದಾ ಕರೆದುಕೊಂಡು ಹೋಗುತ್ತಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಹುಟ್ಟಿತು. ನಮ್ಮ ವೆಸ್ಲಿಯನ್ನರು ಆಂಗ್ಲಿಕನ್ನರ (ಚರ್ಚ್ ಆಫ್ ಇಂಗ್ಲೆಂಡ್ ಪಂಥದವರ) ಮತ್ತು ಇತರರ ಜೊತೆ ಅದರಲ್ಲಿ ಸೇರಿಹೋದರು. ಬೀದರ್, ಕೋಲಾರದ ಕೆಲಸ ಅಮೆರಿಕದ ಮೆಥೋಡಿಸ್ಟರದು. ಅವರು ಸೇರಲಿಲ್ಲ, 1981ರಲ್ಲಿ ‘ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ’ ಅಂತ ಸ್ವತಂತ್ರವಾದರು. ಎರಡೂ ಕಡೆಯವರ ಬೇರು ಹುಡುಕಿಕೊಂಡು ಹೊರಟರೆ ಕೊನೆಗೆ ಬಂದು ನಿಲ್ಲುವುದು ಜಾನ್ ವೆಸ್ಲಿಯ ಈ ಮನೆಯಂಗಳದಲ್ಲಿ.

ಹೋಗುವುದು ಸುಲಭ. ಓಲ್ಡ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಇಳಿದರೆ ಐದಾರು ನಿಮಿಷದ ನಡಿಗೆ. ಹ್ಯಾರೋ ಕಡೆಯಿಂದ ಬರುವವರು ಮೆಟ್ರೋಪಾಲಿಟನ್ ಲೈನಿನಲ್ಲಿ ಮೂರ್‌ಗೇಟ್‌ಗೆ ಬಂದು ಅಲ್ಲಿಂದ ಮೇಲಕ್ಕೆ ನಡೆಯಬಹುದು. ಗೇಟಿನ ಒಳಗೆ ಕಲ್ಲು ಹಾಸಿದ ಅಂಗಳ, ನಡುವೆ ವೆಸ್ಲಿಯ ಪ್ರತಿಮೆ, ಬಲಗಡೆ ಅವರು ಕೊನೆಯ ದಿನಗಳಲ್ಲಿ ಇದ್ದ ಮನೆ. ಎದುರಿಗೆ ಚಾಪೆಲ್. 1777ರಲ್ಲಿ ವೆಸ್ಲಿಯೇ ಅಡಿಗಲ್ಲು ಹಾಕಿದರು, 1778ರ ನವೆಂಬರ್ 1ರಂದು ಬಾಗಿಲು ತೆರೆಯಿತು. ಮಾರ್ಚ್ 1791ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದೂ ಇದರ ಹಿಂಭಾಗದಲ್ಲೇ.

ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಬಂದಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಭಾನುವಾರ ಮಾತ್ರ ಆರಾಧನೆ ತಪ್ಪಿಸುವವರಲ್ಲ. ನನ್ನ ಜೊತೆ ಕೆಲಸ ಮಾಡುವ ದಾವಣಗೆರೆಯ ಹುಡುಗಿ ಒಬ್ಬಳಿದ್ದಾಳೆ. ಅವಳು ಯಾವ ಚರ್ಚಿನ ಒಳಗೂ ಆರಾಧನೆಯ ಹೊತ್ತಿಗೆ ಹೋದವಳಲ್ಲ. ‘ಅಕ್ಕಾ, ನಾನೂ ಬರ್ಲಾ? ಒಳಗೆ ಹೋದ್ಮೇಲೆ ಏನಾದ್ರೂ ಮಾಡ್ಬೇಕಾ? ಏನಾದ್ರೂ ತಿನ್ನಿಸ್ತಾರಾ?’ ಅಂತ ಕೇಳಿದಳು. ಈ ಪ್ರಶ್ನೆಯನ್ನು ನಾನು ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ಅದರಲ್ಲಿ ಭಯವೂ ಇದೆ, ಮರ್ಯಾದೆಯೂ ಇದೆ. ಇನ್ನೊಬ್ಬರ ದೇವರ ಮನೆಯಲ್ಲಿ ತಪ್ಪು ಮಾಡಿಬಿಟ್ಟೇನು ಅನ್ನುವ ಅಳುಕು ಅದು. ಒಂದು ಸಭೆ ಹೊಸಬರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಅಂತ ಅಳೆಯಬೇಕಾದರೆ ಈ ಅಳುಕನ್ನು ಅದು ಹೇಗೆ ಕಳೆಯುತ್ತದೆ ಅಂತ ನೋಡಬೇಕು.

ಬಾಗಿಲಲ್ಲಿ ಒಬ್ಬ ಹಿರಿಯರು ನಿಂತಿದ್ದರು. ಇಲ್ಲಿ ಅವರನ್ನು ಸ್ಟೂವರ್ಡ್ ಅನ್ನುತ್ತಾರೆ. ಕೈಕುಲುಕಿ, ಅವತ್ತಿನ ಆರಾಧನೆಯ ಕ್ರಮ ಅಚ್ಚಾದ ಹಾಳೆ ಕೊಟ್ಟರು. ಅಮ್ಮನ ಕನ್ನಡಕ ನೋಡಿ ದಪ್ಪ ಅಕ್ಷರದ ಹಾಳೆ ಬೇಕಾ ಅಂತ ಕೇಳಿದರು. ನನಗೆ ಇಷ್ಟವಾದದ್ದು ಆಮೇಲಿನದು. ಅಮ್ಮನಿಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಾದ ಮೇಲೂ ಅವರು ಅಮ್ಮನ ಮುಖ ನೋಡಿಕೊಂಡೇ ಮಾತಾಡಿದರು. ಒಂದು ವಾಕ್ಯ ಹೇಳುವುದು, ನಾನು ಕನ್ನಡದಲ್ಲಿ ಹೇಳುವವರೆಗೆ ಕಾಯುವುದು, ಅಮ್ಮ ತಲೆ ಆಡಿಸಿದ ಮೇಲೆ ಮುಂದಿನ ವಾಕ್ಯ. ನನ್ನ ಹತ್ತಿರ ‘ಅವರಿಗೆ ಹೇಳಿ’ ಅಂದು ಮುಗಿಸಬಹುದಿತ್ತು ಅಲ್ವಾ? ಹಾಗೆ ಮಾಡಲಿಲ್ಲ.

ಅವರು ಹೇಳಿದ ವಿಷಯ ಏನು ಗೊತ್ತಾ? ‘ಇವತ್ತು ಒಂದು ಮಗುವಿಗೆ ದೀಕ್ಷಾಸ್ನಾನ ಇದೆ. ಕೊನೆಗೆ ಕರ್ತನ ಭೋಜನ ಇದೆ. ಮೇಜಿಗೆ ಬರಲು ಎಲ್ಲರಿಗೂ ಕರೆ ಇದೆ. ರೊಟ್ಟಿ, ರಸ ಬೇಡ ಅನ್ನಿಸಿದರೆ ಮುಂದೆ ಬಂದು ಆಶೀರ್ವಾದ ಮಾತ್ರ ತೆಗೆದುಕೊಳ್ಳಬಹುದು. ಅದೂ ಬೇಡ ಅಂದರೆ ಕೂತಲ್ಲೇ ಕೂತಿರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.’ ದೀಕ್ಷಾಸ್ನಾನ ಅಂದರೆ ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಬ್ಯಾಪ್ಟಿಸಂ. ಕರ್ತನ ಭೋಜನ ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವುದು, ಕಮ್ಯೂನಿಯನ್ ಅನ್ನುವುದೂ ಅದನ್ನೇ. ಇಷ್ಟನ್ನು ಒಳಗೆ ಹೋಗುವ ಮುಂಚೆಯೇ ಹೇಳಿಬಿಟ್ಟರು. ದಾವಣಗೆರೆ ಹುಡುಗಿಯ ಮುಖ ಅಲ್ಲೇ ಸಡಿಲವಾಯಿತು. ಅವಳ ಧರ್ಮ ಯಾವುದು, ಯಾಕೆ ಬಂದಳು ಅಂತ ಅವರು ಕೇಳಲೇ ಇಲ್ಲ.

ನಮ್ಮ ಮದುವೆ ಮನೆಗಳಲ್ಲಿ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ‘ಬನ್ನಿ ಬನ್ನಿ’ ಅನ್ನುವವರು ಬೇಕಾದಷ್ಟು ಜನ ಇರುತ್ತಾರೆ. ಊಟದ ಪಂಕ್ತಿಯ ಹತ್ತಿರ ಹೋದಾಗ ‘ಇಲ್ಲಿ ಕೂತ್ಕೊಳ್ಳಿ’ ಅಂತ ಕೈತೋರಿಸುವವರು ಇಲ್ಲದಿದ್ದರೆ ನೆಂಟ ಗೋಡೆಗೆ ಒರಗಿ ನಿಂತೇ ಇರಬೇಕಾಗುತ್ತದೆ. ಚರ್ಚಿನಲ್ಲೂ ಹೊಸಬರು ಸಿಕ್ಕಿಹಾಕಿಕೊಳ್ಳುವುದು ಪಂಕ್ತಿಯ ಹತ್ತಿರವೇ. ಹಾಡಿನ ಹೊತ್ತಿಗೆ ಎಲ್ಲರ ಜೊತೆ ಎದ್ದು ನಿಂತರಾಯಿತು. ಪಾದ್ರಿಯ ಪ್ರಸಂಗದ (ಉಪದೇಶದ) ಹೊತ್ತಿಗೆ ಕೂತಿದ್ದರಾಯಿತು. ಕಮ್ಯೂನಿಯನ್ ಬಂದಾಗ ಬೆಂಚಿನ ಸಾಲಿಗೆ ಸಾಲೇ ಎದ್ದು ಹೊರಡುತ್ತದೆ. ಆಗ ಹೋಗಬೇಕಾ, ಬೇಡವಾ? ಹೋದರೆ ಬೈತಾರಾ? ಕೂತರೆ ಅವಮಾನ ಮಾಡಿದ ಹಾಗಾ?

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬೇರೊಂದು ಊರಿನ ಒಂದು ಸಭೆಯಲ್ಲಿ, ಹೆಸರು ಬೇಡ, ನನ್ನ ಒಬ್ಬ ಗೆಳತಿಗೆ ಹೀಗೇ ಆಯಿತು. ಯಾರೂ ಏನೂ ಹೇಳಿರಲಿಲ್ಲ. ಸಾಲು ಎದ್ದಿತು, ಅವಳೂ ಎದ್ದಳು. ಕಟಾಂಜನದ ಹತ್ತಿರ ಹೋಗಿ ಮೊಣಕಾಲೂರಿದ ಮೇಲೆ ‘ದೀಕ್ಷಾಸ್ನಾನ ಆಗಿದೆಯಾ?’ ಅಂತ ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು. ಇಲ್ಲ ಅಂದಳು. ತಟ್ಟೆ ಮುಂದಿನವರ ಕಡೆ ಹೋಯಿತು. ಅವರವರ ಸಭೆಯ ನಿಯಮ ಅವರವರಿಗೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆ ನಿಯಮವನ್ನು ಮೊದಲೇ ನಾಲ್ಕು ಮಾತಲ್ಲಿ ಹೇಳಿದ್ದರೆ ಅವಳು ಅಷ್ಟು ಜನರ ಮುಂದೆ ಎದ್ದು ಬರಿಗೈಯಲ್ಲಿ ವಾಪಸ್ಸು ಬರಬೇಕಾಗಿರಲಿಲ್ಲ. ಅವಳು ಆಮೇಲೆ ಯಾವ ಚರ್ಚಿಗೂ ಹೋಗಿಲ್ಲ. ನನಗೆ ಅದು ಇವತ್ತಿಗೂ ನೋವು.

ನಮ್ಮಲ್ಲಿ ತುಂಬಾ ಜನ ಕಾನ್ವೆಂಟಿನಲ್ಲಿ ಓದಿದವರು. ಅವರು ನೋಡಿರುವುದು ಕ್ಯಾಥೊಲಿಕ್ ಪೂಜೆ. ಅಲ್ಲಿ ಸಂಸ್ಕಾರಗಳು (ಸ್ಯಾಕ್ರಮೆಂಟ್) ಏಳು, ಪರಮಪ್ರಸಾದ, ಅಂದರೆ ಅವರ ಕಮ್ಯೂನಿಯನ್, ಸಾಮಾನ್ಯವಾಗಿ ಕ್ಯಾಥೊಲಿಕರಿಗೆ ಮಾತ್ರ. ಮೆಥೋಡಿಸ್ಟರಲ್ಲಿ ಸಂಸ್ಕಾರಗಳು ಎರಡೇ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ. ಮದುವೆ, ದೃಢೀಕರಣ (ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ಕನ್ಫರ್ಮೇಶನ್), ಪಾದ್ರಿ ದೀಕ್ಷೆ ಎಲ್ಲಾ ಇವೆ, ಅವುಗಳನ್ನು ಸಂಸ್ಕಾರ ಅಂತ ಎಣಿಸುವುದಿಲ್ಲ. ಯೇಸು ತಾನೇ ಮಾಡಿ ಅಂತ ಹೇಳಿದ್ದು ಈ ಎರಡನ್ನೇ ಅನ್ನುವುದು ಅವರ ಲೆಕ್ಕ. ಇದೇ ಲಂಡನ್ನಿನಲ್ಲಿ ಮೆಥೋಡಿಸ್ಟ್ ಪಾದ್ರಿಯಾಗಿದ್ದ ವಿಲಿಯಂ ಬೂತ್ ಶುರುಮಾಡಿದ ಸಾಲ್ವೇಶನ್ ಆರ್ಮಿಯವರು ಇನ್ನೂ ಮುಂದೆ ಹೋಗಿ ಎರಡನ್ನೂ ಬಿಟ್ಟರು. ಒಂದೇ ಬೇರಿನಿಂದ ಎಷ್ಟು ಕವಲು ನೋಡಿ.

ದೀಕ್ಷಾಸ್ನಾನದ ಬಗ್ಗೆ ಮೊದಲು ಹೇಳುತ್ತೇನೆ. ಅವತ್ತು ಪಶ್ಚಿಮ ಆಫ್ರಿಕಾ ಮೂಲದ ಒಂದು ದೊಡ್ಡ ಕುಟುಂಬ ಬಂದಿತ್ತು. ಹೆಂಗಸರೆಲ್ಲಾ ಒಂದೇ ಬಗೆಯ ಬಟ್ಟೆಯಲ್ಲಿ ಹೊಲಿಸಿದ ಉಡುಪು, ತಲೆಗೆ ಎತ್ತರದ ಸುತ್ತು. ಬಿಳಿ ಬಟ್ಟೆಯ ಮಗು ನಿದ್ದೆಯಲ್ಲಿತ್ತು. ಪಾದ್ರಿ ಮಗುವನ್ನು ಎತ್ತಿಕೊಂಡು, ಹೆಸರು ಹಿಡಿದು ಕರೆದು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ತಲೆಗೆ ನೀರು ಹಾಕಿದರು. ಮೊದಲನೇ ಹನಿಗೆ ಮಗುವಿಗೆ ಎಚ್ಚರವಾಯಿತು, ಮೂರನೆಯದಕ್ಕೆ ಜೋರಾಗಿ ಅಳು. ಅಮ್ಮ ನನ್ನ ಕಿವಿಯಲ್ಲಿ ‘ಚೆನ್ನಾಗಿ ಅಳ್ತಿದೆ, ಒಳ್ಳೆ ಗಂಟಲು’ ಅಂದರು. ನೀರು ಹಾಕಿದ ಮೇಲೆ ಎಲ್ಲರೂ ಎದ್ದು ನಿಲ್ಲಬೇಕು. ಈ ಮಗು ನಂಬಿಕೆಯಲ್ಲಿ ಬೆಳೆಯಲು ನಾವು ಜೊತೆಗಿರುತ್ತೇವೆ ಅಂತ ಇಡೀ ಸಭೆ ಮಾತು ಕೊಡುತ್ತದೆ. ತಂದೆತಾಯಿ ಮಾತ್ರ ಕೊಡುವ ಮಾತಲ್ಲ ಅದು. ದಾವಣಗೆರೆ ಹುಡುಗಿ ಹಾಳೆ ನೋಡಿ ‘ಅಕ್ಕಾ, ಇದನ್ನ ನಾನೂ ಹೇಳ್ಬೇಕಾ?’ ಅಂದಳು. ಬೇಡ, ಎದ್ದು ನಿಂತರೆ ಸಾಕು ಅಂದೆ. ಮಗುವಿನ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ನೋಡಿ ಇವಳಿಗೂ ಕಣ್ಣು ತುಂಬಿತ್ತು.

ನಮ್ಮ ಕಡೆಯ ಕ್ರೈಸ್ತರಲ್ಲಿ ಒಂದು ಜಗಳ ಮುಗಿಯುವುದೇ ಇಲ್ಲ. ‘ಮುಳುಗಿಸಿದರೆ ಮಾತ್ರ ದೀಕ್ಷಾಸ್ನಾನ, ತಲೆಗೆ ನೀರು ಚಿಮುಕಿಸಿದರೆ ಅದು ಲೆಕ್ಕಕ್ಕಿಲ್ಲ’ ಅಂತ ಪೆಂತೆಕೋಸ್ತ್ ಸಭೆಗಳವರು ಹೇಳುತ್ತಾರೆ. ಸಿಎಸ್‌ಐ, ಮೆಥೋಡಿಸ್ಟ್ ಮನೆಗಳ ಹುಡುಗರು ಅದನ್ನು ಕೇಳಿ ಇನ್ನೊಂದ್ಸಲ ನೀರಿಗೆ ಇಳಿಯುತ್ತಾರೆ. ಮನೆಯಲ್ಲಿ ಬೇಸರ. ಮೆಥೋಡಿಸ್ಟರ ಮಾತು ಇಲ್ಲಿ ಸ್ಪಷ್ಟ. ಚಿಮುಕಿಸಬಹುದು, ಸುರಿಯಬಹುದು, ಮುಳುಗಿಸಬಹುದು. ಮಗುವಿಗೂ ಕೊಡಬಹುದು, ದೊಡ್ಡವರಿಗೂ ಕೊಡಬಹುದು. ಜೀವಮಾನದಲ್ಲಿ ಒಂದೇ ಸಲ. ಬೇರೆ ಸಭೆಯಲ್ಲಿ ಆಗಿದ್ದರೆ ಅದೇ ಸಾಕು, ಮತ್ತೆ ಕೊಡುವುದಿಲ್ಲ. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ನಮ್ಮ ಅಜ್ಜ ಅಜ್ಜಿ ನಂಬಿ ಎತ್ತಿಕೊಂಡು ಹೋಗಿ ಕೊಡಿಸಿದ್ದನ್ನು ಸುಳ್ಳು ಅನ್ನುವ ಅಧಿಕಾರ ನಮಗೆ ಯಾರು ಕೊಟ್ಟರು?

ಇನ್ನು ಕರ್ತನ ಭೋಜನ. ಈ ಚಾಪೆಲ್ಲಿನ ಕಥೆಯೇ ಅದರ ಜೊತೆ ಹೆಣೆದುಕೊಂಡಿದೆ. ಇದಕ್ಕೆ ಮುಂಚೆ ವೆಸ್ಲಿಯ ಜನ ಸೇರುತ್ತಿದ್ದದ್ದು ಹತ್ತಿರದಲ್ಲೇ ಇದ್ದ ಫೌಂಡ್ರಿಯಲ್ಲಿ. ಅದು ಹಿಂದೆ ಫಿರಂಗಿ ಎರಕ ಹೊಯ್ಯುವ ಕಾರ್ಖಾನೆ, 1716ರಲ್ಲಿ ಸ್ಫೋಟವಾಗಿ ಪಾಳುಬಿದ್ದಿತ್ತು. ಅದನ್ನೇ ರಿಪೇರಿ ಮಾಡಿಸಿ 1739ರಿಂದ ಬಳಸಿದರು. ಸಿಟಿ ರೋಡಿನ ಈ ಕಟ್ಟಡವನ್ನು ಪ್ರಸಂಗಕ್ಕೂ ಕರ್ತನ ಭೋಜನಕ್ಕೂ ಅಂತಲೇ ಕಟ್ಟಿದ್ದು. ಎತ್ತರದ ಪ್ರಸಂಗ ಪೀಠ ಮುಂದೆ, ಮೇಜು ಅದರ ಹಿಂದೆ ಅರ್ಧ ವೃತ್ತದ ಜಾಗದಲ್ಲಿ. 1745ರಲ್ಲೇ ಅಣ್ಣ ಜಾನ್, ತಮ್ಮ ಚಾರ್ಲ್ಸ್ ಸೇರಿ ಕರ್ತನ ಭೋಜನದ ಮೇಲೇ 166 ಹಾಡುಗಳನ್ನು ಅಚ್ಚು ಹಾಕಿಸಿದ್ದರು. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿನ ಮೆಥೋಡಿಸ್ಟರಿಗೆ ಸಂಸ್ಕಾರ ಕೊಡುವ ಪಾದ್ರಿಗಳೇ ಇಲ್ಲದಂತಾಯಿತು. ಬಿಷಪ್ಪರು ಮಾಡಬೇಕಾದ ಕೆಲಸವನ್ನು 1784ರಲ್ಲಿ ವೆಸ್ಲಿ ತಾನೇ ಮಾಡಿ, ಬ್ರಿಸ್ಟಲ್‌ನಲ್ಲಿ ಪಾದ್ರಿಗಳ ತಲೆ ಮೇಲೆ ಕೈಯಿಟ್ಟು ಕಳಿಸಿದರು. ತಮ್ಮ ಚಾರ್ಲ್ಸ್‌ಗೆ ಇದು ಸ್ವಲ್ಪವೂ ಇಷ್ಟವಾಗಲಿಲ್ಲ. ಜನ ಮೇಜಿಲ್ಲದೆ ಇರಬಾರದು ಅನ್ನುವುದು ಜಾನ್‌ಗೆ ಅಷ್ಟು ಮುಖ್ಯವಾಗಿತ್ತು.

ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತವರು. ಪಾದ್ರಿಯ ಹೆಂಡತಿ, ಜೀವನವಿಡೀ ಪ್ರಾರ್ಥನೆ ಮಾಡಿದವರು. ತನ್ನ ಪಾಪ ಕ್ಷಮೆಯಾಗಿದೆ ಅನ್ನುವ ಭರವಸೆ ಅವರಿಗೆ ಸಿಕ್ಕಿದ್ದು ಮುದುಕಿಯಾದ ಮೇಲೆ, 1739ರಲ್ಲಿ. ಅಳಿಯ ಬಟ್ಟಲು ಕೈಗೆ ಕೊಟ್ಟು, ಕ್ರಿಸ್ತನ ರಕ್ತ ನಿನಗಾಗಿ ಅನ್ನುವ ಮಾತು ಹೇಳಿದಾಗ ಆ ಮಾತು ಎದೆಗೆ ನಾಟಿತು ಅಂತ ಮಗನ ಹತ್ತಿರ ಹೇಳಿಕೊಂಡರು. ಮಗ ಅದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ನಂಬಿಕೆ ಪೂರ್ತಿ ಗಟ್ಟಿಯಾದ ಮೇಲೆ ಬರಬೇಕಾದ ಜಾಗ ಮೇಜಲ್ಲ, ಬಂದವರಿಗೆ ಅಲ್ಲೇ ನಂಬಿಕೆ ಹುಟ್ಟಬಹುದು ಅಂತ ವೆಸ್ಲಿ ವಾದಿಸುತ್ತಿದ್ದರು. ಸ್ಟೂವರ್ಡ್ ಬಾಗಿಲಲ್ಲಿ ಹೇಳಿದ ‘ಎಲ್ಲರಿಗೂ ಕರೆ ಇದೆ’ ಅನ್ನುವ ಮಾತಿನ ಹಿಂದೆ ಇದೆಲ್ಲಾ ಇದೆ. ಸುಸಾನಾ ಸಮಾಧಿ ಇರುವುದು ರಸ್ತೆಯ ಆಚೆ ಬದಿಯ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ. ಆರಾಧನೆ ಮುಗಿದ ಮೇಲೆ ರಸ್ತೆ ದಾಟಿ ಹೋಗಿ ನೋಡಿ. ಜಾನ್ ಬನ್ಯನ್, ಡೇನಿಯಲ್ ಡೀಫೋ, ವಿಲಿಯಂ ಬ್ಲೇಕ್ ಕೂಡ ಅಲ್ಲೇ ಇದ್ದಾರೆ.

ಮೇಜಿಗೆ ಹೋಗುವ ಮುಂಚೆ ಒಬ್ಬರಿಗೊಬ್ಬರು ‘ಸಮಾಧಾನವಿರಲಿ’ ಅಂತ ಹಾರೈಸುವ ಹೊತ್ತು ಬಂತು. ಇಲ್ಲಿ ಕೈಕುಲುಕುತ್ತಾರೆ. ನಮ್ಮ ಸಿಎಸ್‌ಐ ಸಭೆಯಲ್ಲಿ ಜೋಡಿಸಿದ ಕೈಗಳ ನಡುವೆ ಇನ್ನೊಬ್ಬರ ಕೈ ಹಿಡಿಯುತ್ತೇವೆ. ಅಮ್ಮ ಹಾಗೇ ಮಾಡಿದರು. ಪಕ್ಕದ ಬೆಂಚಿನ ಆಫ್ರಿಕಾದ ಅಜ್ಜಿ ಒಂದು ಕ್ಷಣ ನೋಡಿ, ತಮ್ಮ ಇನ್ನೊಂದು ಕೈಯನ್ನೂ ಅಮ್ಮನ ಕೈ ಮೇಲೆ ಇಟ್ಟರು. ಹಾಗೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಪಾದ್ರಿ ‘ನಿಮ್ಮ ನಿಮ್ಮ ಭಾಷೆಯಲ್ಲಿ’ ಕರ್ತನ ಪ್ರಾರ್ಥನೆ ಹೇಳಿ ಅಂದರು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಅಮ್ಮ ಗಟ್ಟಿಯಾಗಿ ಶುರುಮಾಡಿದರು. ಸುತ್ತಲೂ ಏನೇನೋ ಭಾಷೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಸಿದರು. ಇಂಗ್ಲಿಷ್ ಬಾರದ ನಮ್ಮ ತಂದೆತಾಯಿಯರನ್ನು ಕರೆದುಕೊಂಡು ಹೋಗಲು ಯೋಚಿಸುವವರು ಇದೊಂದನ್ನು ನೆನಪಿಡಿ.

ಕಟಾಂಜನದ ಹತ್ತಿರ ಹೋಗುವಾಗ ಅಮ್ಮ ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗೆ ಇಟ್ಟರು, ಸೆರಗು ತಲೆಗೆ ಹೊದ್ದರು. ಊರಲ್ಲಿ ಮಾಡುವ ಹಾಗೆಯೇ. ಕಾಲು ನೋವು, ಮೊಣಕಾಲೂರಲು ಆಗುವುದಿಲ್ಲ. ನಿಂತುಕೊಂಡೇ ಬಲಗೈ ಎಡಗೈ ಮೇಲೆ ಇಟ್ಟು ಚಾಚಿದರು. ಪಾದ್ರಿ ರೊಟ್ಟಿ ಮುರಿದು ಅಂಗೈ ನಡುವೆ ಇಟ್ಟು, ಅದನ್ನು ಹಾಗೇ ಒಂದು ಕ್ಷಣ ಒತ್ತಿ ಹಿಡಿದರು. ಹಿಂದೆ ಸಾಲು ಉದ್ದ ಇತ್ತು. ಯಾರೂ ಅವಸರ ಮಾಡಲಿಲ್ಲ. ನನ್ನ ಪಕ್ಕ ಬಂದ ದಾವಣಗೆರೆ ಹುಡುಗಿ ಹಾಳೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅದು ಆಶೀರ್ವಾದ ಮಾತ್ರ ಅನ್ನುವುದಕ್ಕೆ ಗುರುತು. ಪಾದ್ರಿ ಹೆಸರು ಕೇಳಿದರು, ಒಂದೇ ಸಲಕ್ಕೆ ಸರಿಯಾಗಿ ಹೇಳಲು ಬರಲಿಲ್ಲ, ಇನ್ನೊಂದ್ಸಲ ಕೇಳಿ ತಿದ್ದಿಕೊಂಡರು. ತಲೆಯ ಮೇಲೆ ಕೈಯಿಟ್ಟು ಆ ಹೆಸರಲ್ಲೇ ಆಶೀರ್ವಾದ ಮಾಡಿದರು. ವಾಪಸ್ಸು ಬಂದು ಕೂತ ಮೇಲೆ ಅವಳು ‘ಮನೇಲಿ ಹಬ್ಬದ ದಿನ ಅಜ್ಜಿ ಹೀಗೇ ಮಾಡ್ತಿದ್ರು ಅಕ್ಕಾ’ ಅಂದಳು.

ಮದ್ಯ ಮುಟ್ಟದವರಿಗೆ ಒಂದು ಮಾತು. ಇದು ದ್ರಾಕ್ಷಿ ರಸ, ವೈನ್ ಅಲ್ಲ. ಬ್ರಿಟನ್ನಿನ ಮೆಥೋಡಿಸ್ಟರಲ್ಲಿ ಮದ್ಯಸಾರ ಇಲ್ಲದ್ದನ್ನೇ ಬಳಸಬೇಕು ಅನ್ನುವುದು ನಿಯಮ. ಇದರ ಹಿಂದೆಯೂ ಒಂದು ಕಥೆ ಇದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಅನ್ನುವ ಹಲ್ಲಿನ ಡಾಕ್ಟರು ತನ್ನ ಮೆಥೋಡಿಸ್ಟ್ ಚರ್ಚಿನಲ್ಲಿ ಕಮ್ಯೂನಿಯನ್ ಸಿದ್ಧಮಾಡುವ ಜವಾಬ್ದಾರಿ ಹೊತ್ತಿದ್ದ. 1869ರಲ್ಲಿ ದ್ರಾಕ್ಷಿ ರಸವನ್ನು ಕಾಯಿಸಿ, ಹುಳಿಯದ ಹಾಗೆ ಬಾಟಲಿಯಲ್ಲಿ ಇಡುವುದನ್ನು ಕಂಡುಹಿಡಿದ. ಈಗ ಅಂಗಡಿಯಲ್ಲಿ ಸಿಗುವ ವೆಲ್ಚ್ ದ್ರಾಕ್ಷಿ ರಸ ಅದೇ. ಕುಡಿತ ಬಿಟ್ಟವರು, ಮಕ್ಕಳು, ಮನೆಯಲ್ಲಿ ಮದ್ಯದ ಪದ್ಧತಿಯೇ ಇಲ್ಲದವರು ಯಾರೂ ಆ ಹೊತ್ತಿನಲ್ಲಿ ಹಿಂಜರಿಯಬೇಕಾಗಿಲ್ಲ. ಎಲ್ಲರಿಗೂ ಒಂದೇ ರಸ. ಇದು ಯೋಚನೆ ಮಾಡಿ ಮಾಡಿದ ಕೆಲಸ ಅಂತ ನನಗೆ ಗೌರವ ಇದೆ.

ಚಿಕ್ಕ ಚಿಕ್ಕ ಲೋಟಗಳ ಬಗ್ಗೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಮೆಥೋಡಿಸ್ಟರಲ್ಲಿ ಹೆಚ್ಚಿನ ಕಡೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ. ಸ್ವಚ್ಛತೆಗೆ ಒಳ್ಳೆಯದು, ಹೊಸಬರಿಗೂ ಧೈರ್ಯ. ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯುವಾಗ ಇರುವ ಅರ್ಥ ಅದರಲ್ಲಿ ಸ್ವಲ್ಪ ಕಡಿಮೆ ಆಗುತ್ತದೆ ಅನ್ನಿಸುತ್ತದೆ. ಅದರಲ್ಲೂ ನಮ್ಮ ನಾಡಿನಲ್ಲಿ, ಒಬ್ಬರು ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟದ ಕಾಲದಲ್ಲಿ, ಒಂದೇ ಬಟ್ಟಲು ಎಷ್ಟು ದೊಡ್ಡ ಮಾತು ಹೇಳಿತ್ತು ಅಂತ ಯೋಚಿಸಿ. ಅಮ್ಮನಿಗೆ ಈ ಯೋಚನೆ ಏನೂ ಇಲ್ಲ. ‘ರೊಟ್ಟಿ ಒಂದೇ ಅಲ್ವೇನಮ್ಮ’ ಅಂದರು.

ಕಟ್ಟಡದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗ್ಯಾಲರಿಯನ್ನು ಹೊತ್ತ ಕಂಬಗಳು ಮೊದಲು ಹಡಗಿನ ಪಟಸ್ತಂಭಗಳು, ಮೂರನೇ ಜಾರ್ಜ್ ದೊರೆ ಕೊಟ್ಟದ್ದು. 1891ರಲ್ಲಿ ಅವುಗಳ ಜಾಗಕ್ಕೆ ಬೇರೆ ಬೇರೆ ದೇಶದ ಮೆಥೋಡಿಸ್ಟರು ಕೊಡಿಸಿದ ಜ್ಯಾಸ್ಪರ್ ಕಲ್ಲಿನ ಕಂಬ ಬಂದವು. ಗ್ಯಾಲರಿಯ ಅಂಚಿನಲ್ಲಿ ಹಾವು ಸುತ್ತಿಕೊಂಡ ಪಾರಿವಾಳದ ಚಿತ್ರ ಇದೆ. ಅಮ್ಮ ನೋಡಿದ ತಕ್ಷಣ, ಹಾವಿನ ಹಾಗೆ ಜಾಣರಾಗಿ, ಪಾರಿವಾಳದ ಹಾಗೆ ನಿಷ್ಕಪಟಿಗಳಾಗಿ ಅನ್ನುವ ಮತ್ತಾಯನ ಸುವಾರ್ತೆಯ ಮಾತು ಅಂತ ಗುರುತು ಹಿಡಿದರು. ನೆಲಮಾಳಿಗೆಯಲ್ಲಿ ಮೆಥೋಡಿಸ್ಟರ ಮ್ಯೂಸಿಯಂ ಇದೆ. ವೆಸ್ಲಿ ಮನೆಯಲ್ಲಿ ಅವರು ಬೆಳಗಿನ ಜಾವ ಪ್ರಾರ್ಥನೆ ಮಾಡುತ್ತಿದ್ದ ಪುಟ್ಟ ಕೋಣೆ ಇದೆ. ಅದನ್ನು ಬಿಡಬೇಡಿ. ಹಾಡಿಗೆ ಆರ್ಗನ್, ಜನರ ದನಿ ದೊಡ್ಡದು. ಪ್ರಸಂಗ ಅವತ್ತು ಚೆನ್ನಾಗಿತ್ತು. ಅಮ್ಮನಿಗೆ ಅರ್ಥವಾಗಲಿಲ್ಲ, ತಮ್ಮ ಕನ್ನಡ ಬೈಬಲ್ಲಿನಲ್ಲಿ ಅವತ್ತಿನ ಭಾಗ ತೆಗೆದು ಓದುತ್ತಾ ಕೂತರು.

ಆರಾಧನೆ ಮುಗಿದ ಮೇಲೆ ಟೀ, ಕಾಫಿ, ಬಿಸ್ಕತ್ತು. ಹೊಸಬರನ್ನು ನಿಲ್ಲಿಸಿ ಹೆಸರು ಊರು ಹೇಳಿಸಿ ಚಪ್ಪಾಳೆ ತಟ್ಟಿಸುವ ಪದ್ಧತಿ ನಮ್ಮ ಎಷ್ಟೋ ಸಭೆಗಳಲ್ಲಿದೆ. ಪ್ರೀತಿಯಿಂದಲೇ ಮಾಡುತ್ತಾರೆ. ನಾಚಿಕೆ ಸ್ವಭಾವದವರಿಗೆ ಅದು ಹಿಂಸೆ. ಇಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಬದಲಿಗೆ ಟೀ ಲೋಟ ಹಿಡಿದುಕೊಂಡು ಬೆಳಿಗ್ಗೆಯ ಅದೇ ಸ್ಟೂವರ್ಡ್ ಬಂದರು, ಅಮ್ಮನಿಗೆ ಕುರ್ಚಿ ತಂದುಕೊಟ್ಟರು. ಆಫ್ರಿಕಾದ ಅಜ್ಜಿ ದೀಕ್ಷಾಸ್ನಾನದ ಕೇಕು ತಂದರು. ಫೋನ್ ನಂಬರು ಯಾರೂ ಕೇಳಲಿಲ್ಲ. ಬೇಕಾದರೆ ತುಂಬಿಕೊಡಿ ಅಂತ ಒಂದು ಚೀಟಿ ಬೆಂಚಿನಲ್ಲೇ ಇತ್ತು, ಅಷ್ಟೇ.

ನಮ್ಮೂರಿನ ಸಭಾಪಾಲಕರು, ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮ ಸಭೆಯ ಮೇಜಿಗೆ ಯಾರು ಬರಬಹುದು ಅನ್ನುವುದು ನಿಮ್ಮ ತೀರ್ಮಾನ. ಅದೇನೇ ಇದ್ದರೂ ಆರಾಧನೆ ಶುರುವಾಗುವ ಮುಂಚೆ ಕನ್ನಡದಲ್ಲಿ ಎರಡು ವಾಕ್ಯ ಹೇಳಿ. ಬರಲಾಗದವರಿಗೆ ತಲೆ ಮೇಲೆ ಕೈಯಿಟ್ಟು ಒಂದು ಆಶೀರ್ವಾದ ಕೊಡಿ. ಕ್ರಿಸ್‌ಮಸ್ ದಿನ ನಮ್ಮ ಅಕ್ಕಪಕ್ಕದ ಮನೆಯವರು, ಮಕ್ಕಳ ಸ್ನೇಹಿತರು ಎಷ್ಟು ಜನ ಬರುತ್ತಾರೆ! ಅವರು ಹಿಂದಿನ ಬೆಂಚಿನಲ್ಲಿ ಏನು ಮಾಡಬೇಕೋ ತಿಳಿಯದೆ ಕೂತು ಎದ್ದು ಹೋಗುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ.

ಒಂದ್ಸಲ ನೋಡಿ ಬರುವುದಕ್ಕಿಂತ ಮುಂದೆ ಹೋಗಿ ಸಭೆ ಸೇರಬೇಕು ಅನ್ನುವವರಿಗೆ: ಅವಸರ ಮಾಡಿಸುವುದಿಲ್ಲ. ಪಾದ್ರಿಯ ಜೊತೆ ಕೆಲವು ವಾರ ಕೂತು ಮಾತಾಡುವ ತರಗತಿ ಇರುತ್ತದೆ. ದೀಕ್ಷಾಸ್ನಾನ ಆಗಿರದಿದ್ದರೆ ಮೊದಲು ಅದು, ಆಮೇಲೆ ದೃಢೀಕರಣ, ಅದರ ಜೊತೆಗೇ ಸದಸ್ಯತ್ವ. ಸಿಎಸ್‌ಐನಲ್ಲಿ ದೃಢೀಕರಣ ಆಗಿರುವವರು ನಮ್ಮ ಸಭೆಯಿಂದ ಪತ್ರ ತಂದರೆ ಒಳ್ಳೆಯದು. ಸದಸ್ಯರಿಗೆ ವರ್ಷಕ್ಕೊಂದು ಟಿಕೆಟ್ ಕೊಡುವ ಪದ್ಧತಿ ಈಗಲೂ ಇದೆ. ವೆಸ್ಲಿ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದ ಕ್ಲಾಸ್ ಟಿಕೆಟ್ಟಿನ ಮುಂದುವರಿಕೆ ಅದು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ಹನ್ನೆರಡು ಜನರಿಗೆ ಒಬ್ಬ ಮುಖಂಡನಂತೆ ಗುಂಪು ಮಾಡಿ ವಾರಕ್ಕೊಂದು ಪೆನ್ನಿ ಸೇರಿಸಿದರು. ದುಡ್ಡು ಕೇಳಲು ಮನೆ ಮನೆಗೆ ಹೋದ ಮುಖಂಡರು ಕಷ್ಟಸುಖ ಕೇಳಿಕೊಂಡು ಬಂದರು. ಆ ಗುಂಪುಗಳೇ ಕ್ಲಾಸ್ ಆದವು. ಈಗಲೂ ಹೊಸ ಸದಸ್ಯರನ್ನು ಒಬ್ಬರು ವಿಚಾರಿಸಿಕೊಳ್ಳುತ್ತಾರೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ದೊಡ್ಡ ಆಸರೆ.

ಯಾವ ಭಾನುವಾರ ಹೋಗಬೇಕು? ಮೊದಲ ಸಲ ಹೋಗುವವರು ಜನವರಿ ಮೊದಲ ವಾರಗಳನ್ನು ಬಿಟ್ಟುಬಿಡಿ. ಮೆಥೋಡಿಸ್ಟರ ಒಡಂಬಡಿಕೆ ಆರಾಧನೆ ಸಾಮಾನ್ಯವಾಗಿ ಆಗ ಇರುತ್ತದೆ. ನನ್ನನ್ನು ನಿನ್ನ ಇಷ್ಟದಂತೆ ಬಳಸು ಅಂತ ದೇವರಿಗೆ ಕೊಡುವ ಮಾತು ಅದರಲ್ಲಿ ಬರುತ್ತದೆ, ಹೊಸಬರಿಗೆ ಭಾರ ಅನ್ನಿಸಬಹುದು. 1755ರಿಂದ ನಡೆದು ಬಂದ ಆರಾಧನೆ ಅದು, ಎರಡನೇ ವರ್ಷ ಖಂಡಿತ ಹೋಗಿ. ಆರಾಧನೆಯ ಹೊತ್ತು, ಯಾವ ಆರಾಧನೆಯಲ್ಲಿ ಕಮ್ಯೂನಿಯನ್ ಇದೆ ಅನ್ನುವುದನ್ನು ಹೊರಡುವ ಮುಂಚೆ ನೋಡಿಕೊಳ್ಳಿ. ಹತ್ತು ನಿಮಿಷ ಮುಂಚೆ ತಲುಪಿ, ಬಾಗಿಲಲ್ಲಿ ನಿಂತವರಿಗೆ ಮೊದಲ ಸಲ ಬಂದಿದ್ದೇವೆ ಅಂತ ಹೇಳಿ. ಅಪ್ಪ ಅಮ್ಮ ಬಂದಿದ್ದರೆ ಅವರ ಕನ್ನಡ ಬೈಬಲ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.